ನಮಾಜಿಗೆ ಹೋದವನ ಪಾಲಿನ ಮಾತು

ಹುಣಸೂರಿನ ಫುಟ್ಬಾಲ್ ತಂಡದವರು ಪಂದ್ಯ ಮುಗಿದ ಸಂಜೆ ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಲಕ್ಷ್ಮಣತೀರ್ಥ ಹೊಳೆಯಲ್ಲಿ ಕಾಲು ತೊಳೆದುಕೊಂಡು ಸಾಹುಕಾರ ಸಿದ್ದಮಲ್ಲಪ್ಪನವರ ಹೊಗೆಸೊಪ್ಪಿನ ಮಂಡಿಗೆ ಬರುತ್ತಿದ್ದರು. ಗೆದ್ದರೂ ಅಷ್ಟೆ, ಸೋತರೂ ಅಷ್ಟೆ. ಜಗಲಿಯ ಮೇಲೆ ಒಂದು ಮೊರದ ತುಂಬ ಕಡ್ಲೆಪುರಿ ಇರುತ್ತಿತ್ತು. ಅದನ್ನು ಮುಕ್ಕುತ್ತ ಕಾಯಬೇಕು, ಕರೆದಾಗ ಒಬ್ಬೊಬ್ಬರೇ ಒಳಗೆ ಹೋಗಬೇಕು. ಸೊಪ್ಪಿನ ಮೂಟೆಗಳ ನಡುವೆ ಕೂತ ಸಾಹುಕಾರರು ಅವನವನ ಆಟದ ತಪ್ಪನ್ನು ಅವನವನಿಗೇ ಹೇಳಿ ಕಳಿಸುತ್ತಿದ್ದರು. ಎದುರುತ್ತರ ಕೊಡುವಂತಿಲ್ಲ. ಒಳಗೆ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಹುಡುಗರು ಇದಕ್ಕೆ ಸಿಪ್ಪೆ ಸುಲಿಸಿಕೊಳ್ಳುವುದು ಎಂದು ಹೆಸರಿಟ್ಟಿದ್ದರು.

ಕ್ಯಾಪ್ಟನ್ ನೀಲಕಂಠಸ್ವಾಮಿಯ ಸರದಿ ಕೊನೆಗೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಅವನು ತಂಡಕ್ಕೆ ಸೇರಿದಾಗಿನಿಂದ ಆ ಮೂಟೆಗಳ ನಡುವೆ ನಿಂತು ತನ್ನ ತಪ್ಪುಗಳನ್ನು ಕೇಳುತ್ತಲೇ ಬಂದಿದ್ದ. ಚೆಂಡು ಬರುವ ಮುಂಚೆ ಯೋಚನೆ ಮಾಡುತ್ತೀಯ, ಬಂದ ಮೇಲೆ ಇನ್ನೂ ಯೋಚನೆ ಮಾಡುತ್ತೀಯ ಎನ್ನುತ್ತಿದ್ದರು ಸಾಹುಕಾರರು. ಅದು ನಿಜವೆಂದು ಅವನಿಗೂ ಗೊತ್ತಿತ್ತು. ಒಂದು ಸಂಜೆಯಾದರೂ ಅವರು ತಲೆಯೆತ್ತಿ, ಇವತ್ತು ಚೆನ್ನಾಗಿ ಆಡಿದೆ ಕಣೋ ಅಂದಾರೆಂದು ಅವನು ಕಾಯುತ್ತಿದ್ದ. ಊರಿನವರೆಲ್ಲ ಹೊಗಳಿದರೂ ಅವನಿಗೆ ಅದು ಬೇಕಿರಲಿಲ್ಲ. ಪ್ರಾಯದಲ್ಲಿ ಮೈಸೂರಿನ ಮೈದಾನಗಳಲ್ಲಿ ಆಡಿ ಮಂಡಿಚಿಪ್ಪು ಒಡೆದುಕೊಂಡು ಬಂದ ಈ ಒಬ್ಬ ಮನುಷ್ಯನ ಬಾಯಿಂದ ಬಂದರೆ ಸಾಕಿತ್ತು.

ಕಳೆದ ಮಳೆಗಾಲದಲ್ಲಿ ಅಬ್ದುಲ್ ರಹಮಾನ್ ತಂಡಕ್ಕೆ ಬಂದ. ಮರದ ಡಿಪೋದಲ್ಲಿ ಅಪ್ಪನ ಜೊತೆ ಗರಗಸ ಎಳೆಯುತ್ತಿದ್ದವನು. ಬೂಟು ಕೊಟ್ಟರೂ ಹಾಕಿಕೊಳ್ಳದೆ ಬರಿಗಾಲಲ್ಲೇ ಆಡುತ್ತಿದ್ದ. ಚೆಂಡು ಕಾಲಿಗೆ ಸಿಕ್ಕರೆ ಗೋಲಿನ ಕಡೆ ಓಡುವುದು, ಕಂಡರೆ ಹೊಡೆಯುವುದು, ಇಷ್ಟೇ ಅವನ ಆಟ. ಗುರಿ ತಪ್ಪಿದರೆ ನಕ್ಕು ವಾಪಸು ಬರುತ್ತಿದ್ದ. ಪರವೂರಿನ ಜನ ಗೆರೆಯ ಆಚೆ ನಿಂತು, "ಲೇ ಗರಗಸ, ಇದು ತೇಗದ ದಿಮ್ಮಿ ಅಲ್ಲ ಕಣ್ಲಾ" ಎಂದು ಕೂಗಿದರೆ, "ದಿಮ್ಮೀನೇ ವಾಸಿ, ಸುಮ್ನೆ ಬಿದ್ದಿರ್ತದೆ" ಎಂದು ಓಡುತ್ತಲೇ ಉತ್ತರ ಕೊಡುತ್ತಿದ್ದ.

ಪಂದ್ಯ ಮುಗಿಯುವ ಹೊತ್ತಿಗೆ ಸಂಜೆಯ ನಮಾಜಿನ ಹೊತ್ತೂ ಆಗುತ್ತಿದ್ದುದರಿಂದ ಅವನು ಮಂಡಿಗೆ ಬರುತ್ತಿರಲಿಲ್ಲ. ಬಾರದವನ ಪಾಲಿನ ಮಾತನ್ನು ಕ್ಯಾಪ್ಟನ್ ಕೇಳಿಕೊಂಡು ಹೋಗಿ ಮುಟ್ಟಿಸಬೇಕು, ಅದು ಮೊದಲಿನಿಂದ ಇದ್ದ ಪದ್ಧತಿ.

"ರಹಮಾನಂಗೆ ಏನು ಹೇಳ್ಲಿ?" ಎಂದು ನೀಲಕಂಠಸ್ವಾಮಿ ಮೊದಲ ಸಲ ಕೇಳಿದಾಗ ಸಾಹುಕಾರರು ಕೈಯಲ್ಲಿದ್ದ ಸೊಪ್ಪನ್ನು ಮೂಸಿ ನೋಡಿ ಕೆಳಗಿಟ್ಟರು.

"ಅವನ ತಂಟೆಗೆ ಓಗ್ಬ್ಯಾಡ. ಅವನು ಆಡೋದ ನೋಡ್ತಿದ್ರೆ ನನ್ನ ಮಂಡಿನೋವು ಮರ‍್ತೋಯ್ತದೆ. ಅಂಗಂತ ಹೇಳು."

ನೀಲಕಂಠಸ್ವಾಮಿ ಅದನ್ನು ಹೇಳಲಿಲ್ಲ. ಡಿಪೋದ ಹತ್ತಿರ ಸಿಕ್ಕ ರಹಮಾನನಿಗೆ, "ನಿನ್ನ ವಿಷಯ ಏನೂ ಬರಲಿಲ್ಲ" ಎಂದ. ರಹಮಾನ್ ಬೇಸರಪಟ್ಟುಕೊಳ್ಳಲಿಲ್ಲ. "ಬುಡಿ ಮೇಷ್ಟ್ರೇ, ನಾನಿನ್ನೂ ಹೊಸಬ" ಎಂದು ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡ. ಮುಂದಿನ ಪಂದ್ಯಗಳಲ್ಲೂ ಹೀಗೇ ಆಯಿತು. ಒಳಗೆ ಹೊಗಳಿಕೆ, ಹೊರಗೆ ಏನೂ ಇಲ್ಲ. ಹೊಗಳಿಕೆ ಇಲ್ಲದೆಯೂ ರಹಮಾನ್ ಅಷ್ಟೇ ಧೈರ್ಯವಾಗಿ ಆಡುತ್ತಿದ್ದ. ನೀಲಕಂಠಸ್ವಾಮಿಗೆ ಹೊಟ್ಟೆಯೊಳಗೆ ಉರಿಯುತ್ತಿದ್ದುದು ಇದೇ. ತಾನು ಯಾವುದಕ್ಕಾಗಿ ಇಷ್ಟು ವರ್ಷ ಬಾಯಿಬಿಟ್ಟುಕೊಂಡು ನಿಂತಿದ್ದನೋ ಅದು ಈ ಹುಡುಗನ ಮನೆಗೆ ಬಂದರೂ, ಬಾರದೆ ಹೋದರೂ ಅವನಿಗೆ ಒಂದೇ.

ಆ ವರ್ಷದ ಶೀಲ್ಡು ಪಂದ್ಯಾವಳಿಯ ಕೊನೆಯ ಪಂದ್ಯ ಪಿರಿಯಾಪಟ್ಟಣದವರ ಮೇಲೆ ಹುಣಸೂರಿನಲ್ಲೇ ಎಂದು ಗೊತ್ತಾಯಿತು. ಅದಕ್ಕೆ ಹಿಂದಿನ ಪಂದ್ಯದಲ್ಲಿ ಕೆ.ಆರ್. ನಗರದವರನ್ನು ಸೋಲಿಸಿ ಬಂದ ಸಂಜೆ ಸಾಹುಕಾರರು ನೀಲಕಂಠಸ್ವಾಮಿಯ ತಪ್ಪುಗಳನ್ನು ಎಂದಿನಂತೆ ಎಣಿಸಿದರು. ಆಮೇಲೆ ತಾವಾಗಿಯೇ ಹೇಳಿದರು: "ಆ ಹುಡುಗ ಆಡೋ ಅಂಗೆ ನಾನು ಒಂದ್ ದಿನ ಆಡಿದ್ರೂ ಸಾಕಾಗಿತ್ತು."

ನೀಲಕಂಠಸ್ವಾಮಿ ಡಿಪೋಗೆ ಹೋದಾಗ ರಹಮಾನ್ ದಿಮ್ಮಿಯ ಮೇಲೆ ಕೂತು ಗರಗಸದ ಹಲ್ಲಿಗೆ ಅರ ಉಜ್ಜುತ್ತಿದ್ದ.

"ಸಾವ್ಕಾರ್ರು ಇವತ್ತಾದ್ರೂ ಏನಾದ್ರೂ ಅಂದ್ರಾ ಮೇಷ್ಟ್ರೇ?"

"ಅಂದ್ರು." ಮಾತು ತಾನಾಗಿ ಬಂದಿತು. "ಒಬ್ಬನೇ ಆಡ್ತಾನೆ, ಪಕ್ಕದಲ್ಲಿರೋವ್ರು ಕಾಣ್ಸಲ್ಲ ಅವನಿಗೆ. ಗೋಲಿನ ಮುಂದೆ ನಿಂತಾಗ ಒಂದ್ ಸಲ ಅಕ್ಕಪಕ್ಕ ನೋಡೋಕೆ ಹೇಳು ಅಂದ್ರು."

ಅರ ನಿಂತಿತು. ಮೊದಲ ಸಲ ರಹಮಾನನ ಮುಖದಲ್ಲಿ ನಗು ಇರಲಿಲ್ಲ. ಅದನ್ನು ನೋಡಿ ನೀಲಕಂಠಸ್ವಾಮಿಗೆ ಒಂದು ಬಗೆಯ ನೆಮ್ಮದಿಯಾಯಿತು. ತಾನು ಪ್ರತಿ ಸಂಜೆ ಹೊತ್ತುಕೊಂಡು ಬರುವ ಭಾರದಲ್ಲಿ ಇವನೂ ಒಂದು ಪಾಲು ಹೊತ್ತಂತೆ.

"ದೊಡ್ಡೋರು ಅವ್ರು. ನೋಡೇ ಹೇಳಿರ್ತಾರೆ" ಎಂದ ರಹಮಾನ್.

ಪಂದ್ಯದ ದಿನ ಪಿರಿಯಾಪಟ್ಟಣದಿಂದ ಲಾರಿಯಲ್ಲಿ ಜನ ಬಂದಿದ್ದರು. ಗೋಲ್‌ಕೀಪರ್ ಚಾಮಯ್ಯ ಕಂಬಕ್ಕೆ ಒರಗಿ, "ಅವ್ರ ಊರಲ್ಲಿ ಇವತ್ತು ನಾಯಿ ಕಟ್ಟಾಕೂ ಗಂಡಸರಿಲ್ಲ ಕಣ್ಲಾ" ಎಂದು ತನ್ನ ತಂಡದವರನ್ನು ನಗಿಸುತ್ತಿದ್ದ. ರಹಮಾನ್ ನಗಲಿಲ್ಲ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ರಹಮಾನ್ ಚೆಂಡು ತೆಗೆದುಕೊಂಡು ಗೋಲಿನ ಮುಂದಕ್ಕೆ ಬಂದ. ಹೊಡೆಯಬೇಕಾದಲ್ಲಿ ನಿಂತ. ಬಲಕ್ಕೆ ನೋಡಿ ನೀಲಕಂಠಸ್ವಾಮಿಗೆ ಪಾಸ್ ಕೊಟ್ಟ. ಕ್ಯಾಪ್ಟನ್ನನಿಗೆ ಯೋಚಿಸಲು ಸಮಯವಿರಲಿಲ್ಲ, ಕಾಲು ಬೀಸಿದ, ಚೆಂಡು ಬಲೆಗೆ ಬಿತ್ತು. ಜನ ಅವನ ಹೆಸರು ಕೂಗಿದರು. ಸಾಹುಕಾರರು ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದುದು ಅವನಿಗೆ ದೂರದಿಂದಲೇ ಕಂಡಿತು.

ಹಾಫ್‌ಟೈಮ್ ಆದ ಮೇಲೆ ಪಿರಿಯಾಪಟ್ಟಣದವರು ಸಮ ಮಾಡಿದರು. ರಹಮಾನನ ಆಟ ಬರಬರುತ್ತ ಕುಗ್ಗಿತು. ಓಡುವಾಗ ತಲೆ ತಿರುಗಿಸುತ್ತಿದ್ದ, ತಲೆ ತಿರುಗಿಸಿದಾಗ ಚೆಂಡು ಕಾಲಿನಿಂದ ಜಾರುತ್ತಿತ್ತು. ಗೆರೆಯಾಚೆಯವರ ಮಾತೂ ಈಗ ಅವನಿಗೆ ತಾಕತೊಡಗಿತು. "ಗರಗಸದ ಹಲ್ಲು ಉದುರೋಯ್ತು" ಎಂದು ಯಾರೋ ಕೂಗಿದಾಗ ನಿಂತು ಆ ಕಡೆ ನೋಡಿದ. ಆಟ ಮುಗಿಯುವ ಮುಂಚೆ ಅವನಿಗೆ ಎದುರು ಕೀಪರ್ ಒಬ್ಬನೇ ಉಳಿದ. ಊರಿಗೆ ಊರೇ ಎದ್ದು ನಿಂತಿತು. ಅವನು ಬಲಕ್ಕೆ ನೋಡಿದ. ನೀಲಕಂಠಸ್ವಾಮಿಯ ಮೈಮೇಲೆ ಇಬ್ಬರಿದ್ದರು. ಆದರೂ ಕೊಟ್ಟ. ಅವರು ಚೆಂಡು ಕಿತ್ತು ಉದ್ದಕ್ಕೆ ಒದ್ದರು. ಆ ಕಡೆ ಚಾಮಯ್ಯ ಅಡ್ಡ ಬೀಳುವಷ್ಟರಲ್ಲಿ ಗೋಲು ಆಗಿತ್ತು. ಶೀಲ್ಡು ಲಾರಿ ಹತ್ತಿತು.

ಅಂದು ಜಗಲಿಯಲ್ಲಿ ಕಡ್ಲೆಪುರಿ ಯಾರೂ ಮುಟ್ಟಲಿಲ್ಲ. ಎಲ್ಲರೂ ಒಳಗೆ ಹೋಗಿ ಬಂದು ಮನೆಗೆ ಹೋದರು. ಕೊನೆಗೆ ನೀಲಕಂಠಸ್ವಾಮಿ ಒಳಗೆ ಹೋಗಿ ನಿಂತಾಗ, ಹಿಂದೆಯೇ ಬಾಗಿಲಲ್ಲಿ ರಹಮಾನ್ ಕಾಣಿಸಿಕೊಂಡ. ತಲೆಯ ಮೇಲೆ ಟೋಪಿ ಇತ್ತು. ನಮಾಜು ಮುಗಿಸಿ ಓಡಿ ಬಂದಿದ್ದ.

"ಸಾವ್ಕಾರ್ರೇ, ನೀವೇಳಿದಂಗೇ ಮಾಡ್ದೆ. ಗೋಲಿನ ಮುಂದೆ ಪಕ್ಕ ನೋಡ್ದೆ, ಮೇಷ್ಟ್ರಿಗೇ ಕೊಟ್ಟೆ. ಎಲ್ಲಿ ತಪ್ಪಾಯ್ತು ಅಂತ ನೀವೇ ಹೇಳ್ಬೇಕು. ಅದ್ಕೇ ಬಂದೆ."

ಸಿದ್ದಮಲ್ಲಪ್ಪನವರು ಅವನನ್ನು ನೋಡಿದರು. ನಿಧಾನವಾಗಿ ಕಣ್ಣು ನೀಲಕಂಠಸ್ವಾಮಿಯ ಕಡೆ ತಿರುಗಿತು. ಅವನು ಮೂಟೆಯೊಂದರ ಹೊಲಿಗೆಯನ್ನು ನೋಡುತ್ತ ನಿಂತ. ಈಗ ಬಯಲಾಗುತ್ತದೆ ಎಂದುಕೊಂಡ. ಆಗಲಿ ಎಂದೂ ಅನ್ನಿಸಿತು.

"ನಾನೇ ತಪ್ಪು ಹೇಳ್ದೆ ಕಣಪ್ಪ" ಎಂದರು ಸಾಹುಕಾರರು. "ವಯಸ್ಸಾಯ್ತು. ನಿನ್ನಾಟ ನನಗೆ ಅರ್ಥ ಆಗಿರ್ಲಿಲ್ಲ. ಆ ಮಾತು ಮರ‍್ತುಬುಡು. ಗೋಲು ಕಂಡ್ರೆ ಒಡಿ, ಯಾರನ್ನೂ ನೋಡ್ಬ್ಯಾಡ. ಇನ್ಮೇಲೆ ನಮಾಜು ಮುಗಿಸ್ಕೊಂಡು ನೀನೇ ಬಾ. ಎಷ್ಟೊತ್ತಾದ್ರೂ ಕಾಯ್ತೀನಿ."

ರಹಮಾನನ ಮುಖ ತಿಳಿಯಾಯಿತು. ಇಷ್ಟು ದೊಡ್ಡ ಮನುಷ್ಯರು ತನ್ನೆದುರು ತಪ್ಪು ಒಪ್ಪಿಕೊಂಡರೆಂದು ನಾಚಿ, ಕೈಯೆತ್ತಿ ಸಲಾಂ ಮಾಡಿ ಹೋದ. ಬೀದಿಯಲ್ಲಿ ಅವನ ಓಟದ ಸದ್ದು ಕೇಳಿಸಿತು.

ನೀಲಕಂಠಸ್ವಾಮಿ ಬೈಗುಳಕ್ಕೆ ಕಾದ. ಸಾಹುಕಾರರು ಬೈಯಲಿಲ್ಲ. ಕುರ್ಚಿಯಿಂದ ಕಷ್ಟಪಟ್ಟು ಎದ್ದು ಸೊಪ್ಪಿನ ಕಟ್ಟೊಂದನ್ನು ಮೂಟೆಯ ಮೇಲಕ್ಕೆ ಎತ್ತಿಟ್ಟರು. ಎಂದೂ ಯಾರಲ್ಲೂ ತಪ್ಪು ಒಪ್ಪಿಕೊಳ್ಳದವರು ಆ ಹುಡುಗನಿಗಾಗಿ ಮಾಡದ ತಪ್ಪನ್ನು ಒಪ್ಪಿಕೊಂಡರಲ್ಲ ಎಂಬುದೇ ನೀಲಕಂಠಸ್ವಾಮಿಯ ಎದೆಯಲ್ಲಿ ಕುಟುಕುತ್ತಿತ್ತು. ತನ್ನ ಸುಳ್ಳಿಗಿಂತ ಅದೇ ಹೆಚ್ಚಾಗಿ.

"ನನ್ನ ಆಟ?" ಎಂದು ಕೇಳಿಬಿಟ್ಟ. ತನ್ನ ಆಟದ ಬಗ್ಗೆ ಅವನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. "ಗೋಲು ಹೊಡೆದೆನಲ್ಲ."

"ನೀನು ಒಡ್ದಿದ್ದಾ ಅದು?" ಸಾಹುಕಾರರ ದನಿಯಲ್ಲಿ ಕೋಪವಿರಲಿಲ್ಲ. "ನಾನು ನೋಡ್ಲಿಲ್ಲ ಕಣಪ್ಪ. ಇವನ್ಯಾಕೆ ನಿಂತ, ಇವನಿಗೇನಾಯ್ತು ಅಂತ ಆ ಹುಡುಗನ್ನೇ ನೋಡ್ತಾ ಕೂತಿದ್ದೆ."

ಹೇಳಿ, ದೀಪ ಹಚ್ಚಲು ಬೆಂಕಿಪೆಟ್ಟಿಗೆ ಹುಡುಕತೊಡಗಿದರು.