ಮನೀಷನ ಎಡೆ

ನೆರೂಳದಿಂದ ಜಯಶೀಲ ತನ್ನ ತಾಯಿಯೊಂದಿಗೆ ನಮ್ಮ ಡೊಂಬಿವಲಿಯ ಮನೆಗೆ ಆ ಶನಿವಾರ ಊಟಕ್ಕೆ ಬರುವವನಿದ್ದ. ನನ್ನ ಸೊಸೆ ನಿಕಿತಾಳನ್ನು ಮದುವೆಯಾಗುತ್ತೇನೆಂದು ಕೇಳಿದವನು ಅವನು. ಇಬ್ಬರೂ ಒಂದೇ ಆಫೀಸಿನವರು. ಅವನಿಗೂ ಹೆಂಡತಿ ಇಲ್ಲ. ನನ್ನ ಮಗ ಮನೀಷ್ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಒಪ್ಪಿಕೋ ಎಂದು ನಾನೇ ಹೇಳಿದ್ದೆ. ಅವಳು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

"ಮೊದಲು ಊಟಕ್ಕೆ ಬರಲಿ ಅತ್ತೆ. ಸಿಹಿ ನಾನೇ ಮಾಡ್ತೇನೆ" ಎಂದಳು.

ಶನಿವಾರ ಸಂಜೆ ಚಾಕಲೇಟು, ಬೆಣ್ಣೆ ತೆಗೆದಿಟ್ಟದ್ದನ್ನು ನೋಡಿದೊಡನೆ ಏನು ಮಾಡುತ್ತಾಳೆಂದು ನನಗೆ ತಿಳಿಯಿತು. ಮನೀಷನಿಗೆ ಪ್ರಾಣವಾಗಿದ್ದ ಸಿಹಿ ಅದು. ಅವನು ಹೋದ ಮೇಲೆ ವರ್ಷಕ್ಕೊಮ್ಮೆ, ಅವನ ಎಡೆಗೆ ಮಾತ್ರ ಅದು ನಮ್ಮಲ್ಲಿ ಆಗುತ್ತಿತ್ತು. ಫೋಟೋದ ಮುಂದೆ ಒಂದು ಬಟ್ಟಲು ಇಡುವುದು, ಕೈಮುಗಿಯುವುದು, ಆಮೇಲೆ ನಾನು, ನಿಕಿತಾ, ಮೊಮ್ಮಗಳು ಮೂವರೂ ಅದನ್ನೇ ಹಂಚಿಕೊಳ್ಳುವುದು. ನಮ್ಮ ಕಡೆ ಎಡೆಯದ್ದನ್ನು ಮನೆಯವರೇ ತಿನ್ನಬೇಕು, ಹೊರಗಿನವರಿಗೆ ಕೊಡುವ ಹಾಗಿಲ್ಲ.

"ಇದೇ ಯಾಕೆ ಮಗಾ? ಶಾವಿಗೆ ಪಾಯಸ ಮಾಡಬಹುದಿತ್ತಲ್ಲ?"

"ನನಗೆ ಸರಿಯಾಗಿ ಬರುವುದು ಇದೊಂದೇ ಅಲ್ವಾ?"

ಬಿಸಿನೀರಿನ ಮೇಲೆ ಪಾತ್ರೆಯಿಟ್ಟು ಅವಳು ಚಾಕಲೇಟು ಬೆಣ್ಣೆ ಕರಗಿಸಿದಳು. ಹಾಲು, ಸಕ್ಕರೆ, ಸ್ವಲ್ಪ ಮೈದಾ, ಚಿಟಿಕೆ ಬೇಕಿಂಗ್ ಪೌಡರ್ ಸೇರಿಸಿ ಕಲಸಿದಳು. ಐದು ಸ್ಟೀಲ್ ಬಟ್ಟಲುಗಳಿಗೆ ಹೊಯ್ದು, ಪ್ರತಿಯೊಂದರ ನಡುವೆ ಚಾಕಲೇಟಿನ ಒಂದು ತುಂಡು ಹುದುಗಿಸಿ, ಇಡ್ಲಿ ಪಾತ್ರೆಯಲ್ಲಿ ಹಬೆಗಿಡಲು ಸಜ್ಜು ಮಾಡಿದಳು. ಕಲಸಿದ ಪಾತ್ರೆಗೆ ಮೊಮ್ಮಗಳು ಅನುಷ್ಕಾ ಆಗಲೇ ಬೆರಳು ಹಾಕಿದ್ದಳು.

"ಆಜ್ಜಿ, ಮೀ ಚಾಟು ಕಾ?"

"ಬೆರಳು ಬಾಯಲ್ಲುಂಟು, ನೆಕ್ಕಲಾ ಅಂತ ಈಗ ಕೇಳ್ತಿದ್ದೀಯಾ?"

ಹೊರಗಿನ ಕೋಣೆಯಲ್ಲಿದ್ದ ಮನೀಷನ ಫೋಟೋ ನೋಡಿ ನನಗೆ ಒಂದು ಯೋಚನೆ ಬಂತು. "ಇದನ್ನು ಇವತ್ತೊಂದು ದಿನ ಒಳಗಿಡಲಾ?"

ನಿಕಿತಾ ತಿರುಗಿ ನೋಡಲಿಲ್ಲ. "ಇರಲಿ ಅತ್ತೆ. ಬರುವವರಿಗೆ ಗೊತ್ತಿಲ್ಲದ ವಿಷಯವಲ್ಲವಲ್ಲ."

ಅವರು ಬಂದರು. ಜಯಶೀಲನ ತಾಯಿ ಜಲಜಾಕ್ಷಿ ಚಪ್ಪಲಿ ಬಿಡುವಾಗಲೇ ಶುರುಮಾಡಿದರು. "ಥಾಣೆಯಲ್ಲಿ ಗಾಡಿ ಬದಲಿಸುವಷ್ಟರಲ್ಲಿ ನನ್ನ ಸೀರೆಯ ನೆರಿಗೆ ಎಲ್ಲ ಹೋಯ್ತು ವೇದಾವತಿಯಕ್ಕ! ರಿಕ್ಷಾ ಮಾಡು ಅಂದ್ರೆ ಇವ ಕೇಳುವುದಿಲ್ಲ."

"ಅಷ್ಟು ದೂರ ರಿಕ್ಷಾದಲ್ಲಾ ಅಮ್ಮ? ಬೆನ್ನು ಮುರೀತಿತ್ತು" ಎಂದ ಜಯಶೀಲ ಮೆಲ್ಲಗೆ ನಕ್ಕ. ಆಮೇಲೆ ಫೋಟೋದ ಎದುರು ಹೋಗಿ ಒಂದು ಕ್ಷಣ ನಿಂತ. ಅದು ನನಗೆ ಹಿಡಿಸಿತು.

ಊಟವಾಯಿತು. ಹಬೆಗಿಟ್ಟದ್ದನ್ನು ಇಳಿಸಿದಾಗ ನಾನು ಒಂದನ್ನು ಮುಟ್ಟಿ ನೋಡಿದೆ. "ನಡು ಬೇಯಲಿಲ್ಲ ಮಾರಾಯ್ತಿ."

"ನಡು ಹಾಗೇ ಇರಬೇಕು. ಬೇಗ ಕೊಡಿ, ಆರಿದರೆ ಗಟ್ಟಿಯಾಗ್ತದೆ."

ಜಲಜಾಕ್ಷಿ ಕೇಳಿದರು. "ಮೊಟ್ಟೆ ಹಾಕಿಲ್ಲವಲ್ಲ? ಶನಿವಾರ ನಾನು ಮುಟ್ಟುವುದಿಲ್ಲ."

"ಇಲ್ಲ ಆಂಟಿ."

ನಾನು ತಟ್ಟೆಯಲ್ಲಿ ಬಟ್ಟಲುಗಳನ್ನಿಟ್ಟುಕೊಂಡು ಹೊರಗೆ ಬಂದೆ. ಚಾಕಲೇಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆ ವಾಸನೆಗೆ ನನ್ನ ಕಾಲು ಹೋಗುವ ದಾರಿ ಒಂದೇ. ಮೊದಲ ಬಟ್ಟಲನ್ನು ಫೋಟೋದ ಮುಂದಿಟ್ಟು ಕೈಮುಗಿದೆ. ಉಳಿದದ್ದನ್ನು ತಂದು ಹಂಚಿದೆ.

"ಆಜ್ಜಿ, ಅಂಕಲ್‌ಗೆ ಇಲ್ಲ!" ಎಂದಳು ಅನುಷ್ಕಾ.

ಆಗ ನನಗೆ ಎಚ್ಚರವಾಯಿತು. ಮನೆಗೆ ಅಳಿಯನ ಹಾಗೆ ಬಂದವನ ಮುಂದೆ ಏನೂ ಇರಲಿಲ್ಲ. ಜಲಜಾಕ್ಷಿಯ ಮುಖ ಸಣ್ಣದಾಯಿತು. ಅವರು ಏನು ತಿಳಿದುಕೊಳ್ಳಬೇಕು? ಈ ಮನೆಯಲ್ಲಿ ತಮ್ಮ ಮಗನಿಗೆ ಜಾಗವಿಲ್ಲ ಎಂದೇ ಅಲ್ಲವೇ?

"ನನ್ನದು ತಗೊಳ್ಳಿ. ನನಗೆ ಸಕ್ಕರೆ ಕಾಯಿಲೆ" ಎಂದು ನನ್ನ ಬಟ್ಟಲನ್ನು ಅವನತ್ತ ಸರಿಸಿದೆ.

ನಿಕಿತಾ ಅದನ್ನು ಹಿಂದಕ್ಕೆ ಸರಿಸಿದಳು. "ಅದು ನಿಮ್ಮದು ಅತ್ತೆ."

ಅವಳು ಎದ್ದು ಫೋಟೋದ ಮುಂದೆ ಹೋದಳು. ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಬಹಳ ಹೊತ್ತು ನಿಂತಳೆಂದು ನನಗನಿಸಿತು. ಕೈಮುಗಿದಳು. ಆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಜಯಶೀಲನ ಮುಂದಿಟ್ಟಳು.

"ಅದು ಎಡೆಯದ್ದಲ್ವಾ ಮಗಳೇ?" ಜಲಜಾಕ್ಷಿಯ ಸ್ವರ ತಗ್ಗಿತ್ತು. "ಎಡೆಯದ್ದು ಮನೆಯವರು ಮಾತ್ರ..."

"ಗೊತ್ತುಂಟು ಆಂಟಿ."

ಇಲ್ಲೇ ಹುಟ್ಟಿ ಬೆಳೆದ ಜಯಶೀಲನಿಗೆ ಆ ಪದ್ಧತಿ ಎಷ್ಟು ಗೊತ್ತಿತ್ತೋ ಏನೋ. ತಾಯಿಯ ಮುಖ ನೋಡಿದ, ನಿಕಿತಾಳನ್ನು ನೋಡಿದ, ಕೊನೆಗೆ ನನ್ನ ಕಡೆ ನೋಡಿದ. ಅವನು ಕೇಳುತ್ತಿರುವುದು ನನ್ನನ್ನೇ ಎಂದು ತಿಳಿಯಿತು. ಇದನ್ನೇ ಅಲ್ಲವೇ ನಾನು ಬಯಸಿದ್ದು? ಆದರೆ ಅವನು ತಿಂದರೆ ನಿಕಿತಾ ಹೋಗುತ್ತಾಳೆ, ಮಗುವೂ ಹೋಗುತ್ತದೆ.

"ತಿನ್ನಿ. ಆರಿದರೆ ಗಟ್ಟಿಯಾಗ್ತದಂತೆ" ಎಂದೆ.

ಅವನು ಚಮಚ ಇಳಿಸಿದ. ಮೇಲಿನದು ಬಿರಿದು ಒಳಗಿನ ಕಪ್ಪು ರಸ ನಿಧಾನವಾಗಿ ಹರಿಯಿತು. ಜಲಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಿಹಿ ಸ್ವಲ್ಪ ಹೆಚ್ಚಾಯ್ತೇನೋ" ಎಂದರು. ಅವರಿನ್ನೂ ತಮ್ಮದನ್ನು ಬಾಯಿಗಿಟ್ಟಿರಲಿಲ್ಲ.

ನಿಕಿತಾ ನನ್ನ ಪಕ್ಕ ಬಂದು ಕುಳಿತಳು.

"ನೀವೂ ತಿನ್ನಿ ಅತ್ತೆ."

ತಿಂದೆ. ನಡು ಇನ್ನೂ ಬಿಸಿಯಾಗಿಯೇ ಇತ್ತು.