ಇಲ್ಲದ ತಮ್ಮ

ಹದಿನೇಳನೆಯ ಕಲಮಿಗೆ ಬರುವಷ್ಟರಲ್ಲಿ ಸಮಿತಿಯ ಇಬ್ಬರು ಸದಸ್ಯರು ಯಾವ ಸಂಕೋಚವೂ ಇಲ್ಲದೆ ಆಕಳಿಸಿದರು. ಚಲನಚಿತ್ರ ಮತ್ತು ಪ್ರಕಟಣೆಗಳ ಕಾಯ್ದೆಯನ್ನು ಹೊಸದಾಗಿ ಪರಿಶೀಲಿಸುತ್ತಿದ್ದ ಶಾಸಕರ ಸಮಿತಿ ಅದು. ಕೂತು ಮೂರನೆಯ ದಿನ, ಊಟವಾದ ಮೇಲಿನ ಹೊತ್ತು. ಸಾಕ್ಷಿಯ ಕುರ್ಚಿಯಲ್ಲಿದ್ದ ಪರೀಕ್ಷಕರಿಗೆ ಆ ಆಕಳಿಕೆ ಕಂಡು ಹೊಟ್ಟೆಕಿಚ್ಚಾಯಿತು. ಮೂವತ್ತೊಂದು ವರ್ಷ ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡಿ, ಯಾವುದು ಜನರ ಕಣ್ಣಿಗೆ ಬೀಳಬಹುದು, ಯಾವುದು ಬೀಳಬಾರದು ಎಂದು ಬರೆದು ಬರೆದು ಸುಸ್ತಾದ ಮನುಷ್ಯ. ಮನೆಯಲ್ಲಿ ಹೆಂಡತಿ, ಮಗಳು ಇಬ್ಬರೂ ಅವರನ್ನು ಕರೆಯುವುದು ಕತ್ತರಿ ಸಾಹೇಬರು ಎಂದೇ. ನಿವೃತ್ತಿಗೆ ಇನ್ನು ಏಳು ವಾರ.

ಹಿಂದೆ ಅನುಮತಿ ಸಿಗದ ಚಿತ್ರಗಳನ್ನು ಮತ್ತೆ ನೋಡತಕ್ಕದ್ದಲ್ಲ ಎನ್ನುತ್ತಿತ್ತು ಹದಿನೇಳನೆಯ ಕಲಮು. ಮೊದಲ ಸಲ ನೋಡಿದ್ದೇ ಸರಿಯಾಗಿರಲಿಲ್ಲ ಎಂದು ಸಾಬೀತಾದರೆ ಮಾತ್ರ ವಿನಾಯಿತಿ. ಅದಕ್ಕೊಂದು ಉದಾಹರಣೆ ಇರಲಿ ಎಂದು ಹತ್ತೊಂಬತ್ತು ವರ್ಷದ ಹಿಂದಿನ ಒಂದು ಚಿತ್ರದ ಗುಪ್ತ ಕಡತವನ್ನು ತರಿಸಿದ್ದರು. ಆ ಚಿತ್ರದ ನಿರ್ದೇಶಕಿ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕೂದಲು ಪೂರ್ತಿ ನರೆತಿತ್ತು. ಅವರು ಮಾಡಿದ್ದು ಅದೊಂದೇ ಚಿತ್ರ; ಅದನ್ನು ಇಂದಿಗೂ ಯಾರೂ ನೋಡಿಲ್ಲ.

ಎಲ್ಲರಿಗಿಂತ ಕಿರಿಯ ಸದಸ್ಯೆ ಕಡತ ತಿರುವಿದರು. "ಇಬ್ಬರು ಪರೀಕ್ಷಕರೂ ಒಬ್ಬರಿಗೊಬ್ಬರು ಮಾತಾಡದೆ ಬೇರೆ ಬೇರೆ ಟಿಪ್ಪಣಿ ಬರೀಬೇಕು. ನಿಯಮ ಅದೇ ತಾನೆ?"

"ಹೌದು ಮೇಡಂ."

"ನೀವಿಬ್ಬರೂ ತಮ್ಮನ ಸಾವಿನ ದೃಶ್ಯ ಜನರನ್ನ ಕೆರಳಿಸುತ್ತೆ ಅಂತ ಬರ್ದಿದೀರಿ. ನಿರ್ದೇಶಕಿ ಹೇಳೋ ಪ್ರಕಾರ ಈ ಚಿತ್ರದಲ್ಲಿ ತಮ್ಮನೇ ಇಲ್ವಂತಲ್ಲ?"

ಆಕಳಿಸುತ್ತಿದ್ದವರ ಬಾಯಿ ಮುಚ್ಚಿತು. ಪರೀಕ್ಷಕರ ಪಕ್ಕದಲ್ಲಿದ್ದ ಮೇಲಧಿಕಾರಿ ಕೆಮ್ಮಿದ. ವಯಸ್ಸಿನಲ್ಲಿ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಜಾಣತನದಲ್ಲಿ ನಲವತ್ತು ವರ್ಷ ದೊಡ್ಡವನು. ಊಟದ ಹೊತ್ತಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿಕೊಟ್ಟಿದ್ದ: "ಏನ್ ಕೇಳಿದ್ರೂ ನೆನಪಿಲ್ಲ ಅಂದ್ಬಿಡಿ ಸಾರ್. ನೆನಪಿಲ್ಲ ಅಂದೋರನ್ನ ಯಾರೂ ಏನೂ ಮಾಡೋಕಾಗಲ್ಲ."

ಆದರೆ ನೆನಪಿತ್ತು, ಅದೇ ಕಷ್ಟ. ಆ ವಾರ ಮಗಳಿಗೆ ಜ್ವರ, ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಕಚೇರಿಯಲ್ಲಿ ದಿನಕ್ಕೆ ಮೂರು ಚಿತ್ರ. ಇದು ಮೂರನೆಯದು. ಅರ್ಧ ಗಂಟೆ ನೋಡಿದ್ದರು, ಆಮೇಲೆ ಕೋಣೆಯ ದೀಪ ಹತ್ತಿದಾಗಲೇ ಎಚ್ಚರ. ಜೊತೆಗಿದ್ದ ಹಿರಿಯ ಪರೀಕ್ಷಕರು, ಈಗ ಅವರಿಲ್ಲ, ತಮ್ಮ ಟಿಪ್ಪಣಿಯನ್ನು ಸರಿಸಿ, "ಎರಡು ಪದ ಆಚೀಚೆ ಮಾಡಿ ಬರ್ಕೊಳಪ್ಪ" ಅಂದಿದ್ದರು. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದದ್ದು. ಪಾಪ, ಅವರಿಗೂ ತಲೆ ಕೆಟ್ಟು ಹೋಗಿತ್ತೋ ಏನೋ, ಮಧ್ಯಾಹ್ನ ನೋಡಿದ ಚಿತ್ರದ ತಮ್ಮನನ್ನು ಸಂಜೆಯ ಚಿತ್ರಕ್ಕೆ ಎಳೆದು ತಂದು ಸಾಯಿಸಿದ್ದರು. ನಿದ್ದೆ ಮಾಡಿದವರಿಗೆ ಆ ತಪ್ಪು ಗೊತ್ತಾಗುವುದಾದರೂ ಹೇಗೆ?

"ನಾನು ಚಿತ್ರ ಪೂರ್ತಿ ನೋಡ್ಲಿಲ್ಲ ಮೇಡಂ. ಮಲಗ್ಬಿಟ್ಟಿದ್ದೆ. ಜೊತೆಗಿದ್ದೋರು ಬರ್ದಿದ್ದನ್ನ ನೋಡ್ಕೊಂಡು ಬರ್ದೆ."

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಮಾತ್ರ ನಗಲಿಲ್ಲ. ಒಳ್ಳೆಯ ಮನುಷ್ಯ. ಶೀಘ್ರಲಿಪಿ ಬರೆಯುತ್ತಿದ್ದವಳ ಕಡೆ ಕೈ ಎತ್ತಿ, "ಅದನ್ನ ಬರ್ಕೋಬೇಡಮ್ಮ. ನಿವೃತ್ತಿ ಹತ್ರ ಬಂದಿರೋರು, ಯಾಕೆ ಸುಮ್ನೆ? ನೆನಪಿಲ್ಲ ಅಂದ್ರು ಅಂತ ಹಾಕ್ಕೋ" ಅಂದರು.

ಪರೀಕ್ಷಕರಿಗೆ ಒಂದು ಕ್ಷಣ ನಿಜವಾಗಿಯೂ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ತಮ್ಮ ಜೀವಮಾನವಿಡೀ ತಾವು ಮಾಡಿದ್ದನ್ನೇ ಈಗ ಈ ಪುಣ್ಯಾತ್ಮರು ತಮಗಾಗಿ ಮಾಡುತ್ತಿದ್ದಾರೆ. ಬರೆಯುವವಳು ಆಗಲೇ ಒಂದು ಸಾಲಿನ ಮೇಲೆ ಗೀಟು ಎಳೆದಿದ್ದಳು.

"ತೆಗೀಬೇಡಿ ಸಾರ್," ಅಂದರು. "ಅದನ್ನ ತೆಗ್ದ್ರೆ ಆ ಚಿತ್ರಕ್ಕೆ ಇನ್ನು ದಾರಿನೇ ಇಲ್ಲ. ಒಂದು ಹಾಳೆ ಕೊಡಿ, ಬರ್ದು ಸಹಿ ಹಾಕ್ಕೊಡ್ತೀನಿ."

ನಾಲ್ಕು ಸಾಲು ಬರೆಯಲು ಹತ್ತು ನಿಮಿಷ ಹಿಡಿಯಿತು. ಯಾರದನ್ನೂ ನೋಡಿ ಬರೆಯುವ ಹಾಗಿರಲಿಲ್ಲವಲ್ಲ! ಅಧ್ಯಕ್ಷರು ಓದಿ ನಿಟ್ಟುಸಿರು ಬಿಟ್ಟರು. "ಚಿತ್ರವನ್ನ ಮತ್ತೆ ನೋಡೋದು ಅಂತಾಯ್ತು. ನಿಮ್ಮ ಮೇಲೆ ವಿಚಾರಣೆ ನಡೆಯುತ್ತೆ, ಗೊತ್ತಲ್ಲ?"

"ಗೊತ್ತು ಸಾರ್."

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ನಿರ್ದೇಶಕಿ ಒಬ್ಬರೇ ಕೂತಿದ್ದರು. ಪರೀಕ್ಷಕರು ಎದುರು ಹೋಗಿ ನಿಂತರು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರು.

"ನಂಗೆ ಕೋಪ ಬರ್ಬೇಕು," ಅಂದರು ಆಕೆ. "ಅದಕ್ಕೂ ತ್ರಾಣ ಇಲ್ಲ ನೋಡಿ. ಒಟ್ಟು ಪರಿಣಾಮ ಸರಿಯಿಲ್ಲ ಅಂತ ಒಂದೇ ಸಾಲು ಬರ್ದು ಕಳಿಸಿದ್ರಿ. ಯಾವ ದೃಶ್ಯ ಅಂತ ಹೇಳ್ಲೇ ಇಲ್ಲ. ಇದಿರ್ಬಹುದು ಅಂತ ಒಂದನ್ನ ಕತ್ತರಿಸಿ ಕಳಿಸ್ದೆ, ಆಗಲ್ಲ ಅಂದ್ರಿ. ಆಮೇಲೆ ಇನ್ನೊಂದು. ಹೀಗೇ ಎಂಟು ವರ್ಷ. ಇದ್ದಿದ್ದು ಒಂದೇ ಪ್ರತಿ."

"ಈಗ ಎಷ್ಟು ಉಳ್ದಿದೆ?"

"ನಲವತ್ತು ನಿಮಿಷ. ಮೊದಲ ಭಾಗ ಪೂರ್ತಿ ಹೋಯ್ತು. ತುಂಡುಗಳನ್ನ ಡಬ್ಬದಲ್ಲಿಟ್ಟಿದ್ದೆ. ತೇವ ಹಿಡಿದು ಒಂದಕ್ಕೊಂದು ಅಂಟ್ಕೊಂಡ್ವು. ಬಿಸಾಕ್ದೆ."

ಬರೀ ಕ್ಷಮಿಸಿ ಅಂದರೆ ಏನೇನೂ ಸಾಲದು ಎನಿಸಿತು ಪರೀಕ್ಷಕರಿಗೆ.

"ಮೊದಲ ಅರ್ಧ ಗಂಟೆ ನಾನು ಎಚ್ಚರವಾಗೇ ಇದ್ದೆ ಅಮ್ಮಾ," ಅಂದರು ಕೊನೆಗೆ.

ಆಕೆ ತಲೆ ಎತ್ತಿದರು.

"ಒಬ್ಬ ಹೆಂಗಸು ಮನೆಗೆ ಬೀಗ ಹಾಕ್ತಾಳೆ. ಬೀದಿ ತುದಿವರೆಗೂ ಹೋಗಿ, ಅನುಮಾನ ಬಂದು ವಾಪಸ್ ಬರ್ತಾಳೆ. ಬೀಗ ಎಳೆದು ನೋಡ್ತಾಳೆ."

"ಎರಡು ಸಲ."

"ಹೌದು, ಎರಡು ಸಲ. ಎರಡನೇ ಸಲ ಹೋಗಲ್ಲ. ಬಾಗಿಲಿಗೆ ಹಣೆ ಒತ್ತಿ ನಿಂತ್ಬಿಡ್ತಾಳೆ. ಒಳಗೆ ಯಾರೋ ಕರೀತಾರೇನೋ ಅನ್ನೋ ಹಾಗೆ."

"ಹಣೆ ಒತ್ತಿ..." ಎಂದರು ಆಕೆ ಮೆಲ್ಲಗೆ. "ಅದನ್ನ ನಾನು ಮರ್ತೇಬಿಟ್ಟಿದ್ದೆ."

ಅವರು ಬೆಂಚಿನ ಒಂದು ಬದಿಗೆ ಸರಿದು ಜಾಗ ಬಿಟ್ಟರು.

"ಆಮೇಲೆ?" ಎಂದು ಕೇಳಿದರು, ಕಣ್ಣು ಮುಚ್ಚಿಕೊಂಡು.