ಗುಂಡಗಲ್ಲಿನ ಕೆಳಗ ಭರಮ

ನಾನು ವಿರುಪಣ್ಣ, ಇಪ್ಪತ್ತು ವರ್ಷ ಕಂಪನಿ ನಾಟಕ ಬರದಾಂವ. ಅಳೋ ಸೀನು ಮುಗೀತೋ ಇಲ್ಲೋ ಹಿಂದಾ ನಗೋ ಸೀನು ಬರಬೇಕು, ಇಲ್ಲಂದ್ರ ಮಂದಿ ಬೀಡಿ ಸೇದಾಕ ಎದ್ದು ಹೋಗ್ತಾರ. ಕಂಪನಿಯೊಳಗ ಇದು ಕಟ್ಟಳಿ. ಅದನ್ನ ಕಲಿಸಿದ ಮಾಲಕ ಈಗ ಸಿಕ್ಕರ ಎರಡು ಬಿಗೀತಿದ್ದೆ.

ಬಡೇಸಾಬ ಗಿಣಿಗೇರಿಯಾಗ ಬೋರ್ಡ್ ಬರಿಯಾಂವ. ತೊಂಬತ್ತೇಳರಿಂದ ಕೊಪ್ಪಳದ ಒಂದು ವಾರಪತ್ರಿಕಿಗೆ ‘ಗುಂಡಗಲ್ಲ ಭರಮ’ ಅಂತ ಚಿತ್ರ ಬಿಡಿಸಿ ಕಥಿ ಬರೀತಿದ್ದ. ಭರಮ ಕೆಂಪು ಕಂಬಳಿ ಹೊದ್ದು ಕಳ್ಳರನ್ನ ಅಟ್ಟಾಡಿಸಿ ಬಡೀತಿದ್ದ. ಪ್ರತಿ ವಾರ ಕಡೀಕ ಅವನ ಮ್ಯಾಲೆ ಒಂದು ಗುಂಡಗಲ್ಲು ಬೀಳ್ತಿತ್ತು. ಕಟ್ಟಕಡೀ ಚಿತ್ರದಾಗ ಆ ಕಲ್ಲಿಗೆ ಹೆಗಲು ಕೊಟ್ಟು ಎತ್ತಿ ಎದ್ದು ನಿಲ್ತಿದ್ದ.

ಎರಡ್ ಸಾವಿರದ ನಾಕರಾಗ ಗಂಗಾವತಿಯ ಒಬ್ಬ ಸಾಹುಕಾರ ಅದನ್ನ ಸಿನಿಮಾ ಮಾಡ್ತೀನಿ ಅಂದ. ಸಿನಿಮಾದ ಸೀನು, ಮಾತು ಬರಿಯಾಕ ನನ್ನ ಕರದ. ಬಡೇಸಾಬ ನನ್ನ ಹುಡುಕ್ಕೊಂಡು ಚಾದಂಗಡಿಗೆ ಬಂದ.

“ನಗಸ್ರಿ ಅಣ್ಣಾರ, ಬ್ಯಾಡ ಅನ್ನಂಗಿಲ್ಲ. ಓದೋರು ನಗಲಿ ಅಂತ ನಾನೂ ಬರದೀನಿ. ಆದ್ರ ನಕ್ಕೋಂತ ಬರದಿಲ್ಲ. ಕಲ್ಲೆತ್ತೋದೊಂದು ಹಂಗಾ ಬಿಡ್ರಿ.”

ಅವನ ತಮ್ಮ ಮಾಜೀದ ಕಲ್ಲಿನ ಕ್ವಾರಿಯಾಗ ಬಂಡೆಗಲ್ಲು ಮೈಮ್ಯಾಲೆ ಬಿದ್ದು ಸತ್ತಿದ್ದನಂತ. ಆ ವರ್ಷಾನ ಕಥಿ ಸುರು ಮಾಡಿದ್ದು. ಹೆಸರು ಭರಮಂದು, ಬಿಡಿಸಿದ ಮಾರಿ ಮಾಜೀದಂದು. ಅವರವ್ವ ಕಾಸೀಮಬೀಗೆ ಅಕ್ಷರ ಬರಂಗಿಲ್ಲ. ವಾರವಾರ ಕಡೀ ಚಿತ್ರ ಒಂದು ನೋಡಿ, ಪತ್ರಿಕಿ ಮಡಚಿ ತಲಿದಿಂಬಿನ ಕೆಳಗ ಇಟ್ಕೋತಿದ್ಲು.

“ಆಗಲಿ ತಗೋ” ಅಂದೆ. ಹುಡುಗರ ಚಿತ್ರಕಥಿಗೆ ಪುರಾಣದ ಮರ್ಯಾದಿ ಕೇಳ್ತಾನಲ್ಲ ಅಂತ ಒಳಗೊಳಗ ನಕ್ಕಿದ್ದೆ.

ಕ್ಲೈಮ್ಯಾಕ್ಸಿಗೆ ಮೊದಲು ಭರಮನ ತಾಯಿ ಅಳೋ ಸೀನು ಬರದೆ. ಅಳೋದಾತು, ಇನ್ನ ನಗೋದು. ಕೈ ತಾನಾ ಓಡಿತು. ಗುಂಡಗಲ್ಲು ಬೀಳ್ತೈತಿ, ಹೊರಗ ಭರಮನ ಎರಡು ಕಾಲು ಪಟಪಟ ಒದ್ದಾಡ್ತಾವ, ಒಂದು ಚಪ್ಪಲಿ ಹಾರಿ ಫೌಜದಾರನ ಮೂಗಿಗೆ ಬಡೀತೈತಿ. ಆ ಕಾಲಿನ ಮ್ಯಾಲೇ ‘ಶುಭಂ’. ಸಾಹುಕಾರ ಕೆಮ್ಮು ಬರೋತನಕ ನಕ್ಕ. ಬಡೇಸಾಬಗ ನಾನು ಹೇಳಲಿಲ್ಲ. ನಾಚಿಗೇಡಿ ನಾನು, ಅವರು ಸಿನಿಮಾಕ್ಕ ಎಲ್ಲಿ ಬರ್ತಾರ ಅನ್ಕೊಂಡಿದ್ದೆ.

ಗಂಗಾವತಿಯಾಗ ಮೊದಲನೇ ಆಟಕ್ಕ ತಾಯಿ-ಮಗ ಇಬ್ಬರೂ ಬಂದ್ರು. ಕಾಸೀಮಬೀ ನನ್ನ ಮಗ್ಗಲಕ್ಕ ಕುಂತ್ಲು. “ಇಷ್ಟು ದಿನ ಬರೇ ನಿಂತಿದ್ದನಪ್ಪ, ಇವತ್ತು ಓಡಾಡೋದು ನೋಡ್ತೀನಿ” ಅಂದ್ಲು.

ಕಲ್ಲು ಬಿತ್ತು. ಟಾಕೀಸು ನಕ್ಕಿದ್ದಾ ನಕ್ಕಿದ್ದು, ಸೀಟಿ ಹೊಡದ್ರು. ಲೈಟು ಹತ್ತಿದವು. ಬಡೇಸಾಬ ನನ್ನ ಕಡೆ ನೋಡಲಿಲ್ಲ, ಬೈದಿದ್ರಾದ್ರೂ ಛಲೋ ಇತ್ತು.

“ಈಗ ಏಳ್ತಾನಲ್ರಿ?” ಅಂತ ಕಾಸೀಮಬೀ ನನ್ನ ಕೇಳಿದ್ಲು.

ಏಳೋದನ್ನ ನಾನು ಬರದಾ ಇರಲಿಲ್ಲ.

“ಮುಗೀತಮ್ಮಾ, ನಡಿ” ಅಂದ ಬಡೇಸಾಬ.

“ತಡಿ, ಏಳ್ತಾನ. ಯಾವಾಗ್ಲೂ ಏಳ್ತಾನ” ಅಂದ್ಲು. ಕುರ್ಚಿ ಹಿಡಕೊಂಡು ಬಿಳೀ ಪರದಿ ನೋಡಕೋಂತ ಕುಂತ್ಲು. ಕಸ ಹೊಡೆಯಾಕಿ ಬಂದು, ಅಕಿ ಕಾಲಿನ ಸುತ್ತ ಗುಡಿಸಿ ಮುಂದ ಹೋದ್ಲು.